ಬರದ ನಾಡಿನ ದಾಸೋಹಿ: ಫ. ಗು. ಹಳಕಟ್ಟಿಯವರ ಜೀವನ

ಶರಣಧರ್ಮದಲ್ಲಿ ದಾಸೋಹವೆಂಬ ಮಾತಿನ ಅರ್ಥವು ಬಹು ವ್ಯಾಪಕವಾದುದು. ಹಸಿದು ಬಂದವನಿಗೆ ಅನ್ನವನ್ನು ನೀಡುವುದು ಅದರ ಮೊದಲ ಮೆಟ್ಟಿಲು ಮಾತ್ರ. ಇಂದು ಉಂಡವನು ನಾಳೆ ತನ್ನ ಕಾಯಕದಿಂದಲೇ ಉಣ್ಣುವಂತಾಗಬೇಕು; ತಾನುಂಡು ಮಿಕ್ಕುದನ್ನು ಮತ್ತೊಬ್ಬನ ಮುಂದಿಡುವಂತಾಗಬೇಕು; ಇಡುವಾಗ ನಾನು ನೀಡಿದೆನೆಂಬ ಅಹಂಕಾರವು ಸುಳಿಯದಂತೆ ಒಳಗಿನ ಅರಿವು ಬೆಳೆಯಬೇಕು. ಅಲ್ಲಿಯವರೆಗೆ ದಾಸೋಹವು ಪೂರ್ಣವಾಗದು. ಬಡತನವೆಂಬುದು ಹೊಟ್ಟೆಗೆ ಮಾತ್ರ ಅಂಟಿದ ರೋಗವಲ್ಲ. ಅಕ್ಷರವಿಲ್ಲದವನು ಮೋಸಹೋಗುತ್ತಾನೆ, ಮೋಸಹೋದವನು ಸಾಲಗಾರನಾಗುತ್ತಾನೆ, ಸಾಲಗಾರನು ಹೊಲವನ್ನು ಕಳೆದುಕೊಳ್ಳುತ್ತಾನೆ, ಹೊಲವನ್ನು ಕಳೆದುಕೊಂಡವನು ಕೊನೆಗೆ ತನ್ನ ಮೇಲಣ ನಂಬುಗೆಯನ್ನೇ ಕಳೆದುಕೊಳ್ಳುತ್ತಾನೆ. ಈ ಸರಪಳಿಯ ಒಂದು ಕೊಂಡಿಯನ್ನು ಮಾತ್ರ ಮುರಿದರೆ ಸಾಲದು, ಎಲ್ಲ ಕೊಂಡಿಗಳಿಗೂ ಒಮ್ಮೆಗೇ ಕೈಯಿಕ್ಕಬೇಕೆಂಬ ಸತ್ಯವನ್ನು ತಮ್ಮ ಬಾಳಿನಲ್ಲಿ ನಡೆದು ತೋರಿಸಿದವರು ಶರಣ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಕನ್ನಡಿಗರು ಅವರನ್ನು ವಚನ ಪಿತಾಮಹರೆಂದು ಬಲ್ಲರು. ಹುಳು ತಿನ್ನುತ್ತಿದ್ದ ತಾಳೆಗರಿಗಳಿಂದ ಶರಣರ ವಾಣಿಯನ್ನು ಎತ್ತಿ ಅಚ್ಚಿನ ಪುಟಗಳಿಗೆ ತಂದ ಮಹಾಕಾರ್ಯವು ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದೆ. ಆದರೆ ಅದೇ ಮಹನೀಯರು ಬರದ ಜಿಲ್ಲೆಯೊಂದರಲ್ಲಿ ಶಾಲೆಯನ್ನು ಕಟ್ಟಿದರು, ಬ್ಯಾಂಕನ್ನು ಕಟ್ಟಿದರು, ಒಕ್ಕಲಿಗರ ಮತ್ತು ನೇಕಾರರ ಸಂಘಗಳಿಗಾಗಿ ದುಡಿದರು, ಊರಿನ ನೀರಿಗಾಗಿ ಹೆಣಗಿದರು ಎಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಇವೆರಡೂ ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಗ್ರಂಥಭಂಡಾರದಲ್ಲಿ ಕುಳಿತ ಹಳಕಟ್ಟಿಯವರೂ ಸಹಕಾರ ಸಂಘದ ಲೆಕ್ಕವನ್ನು ನೋಡಿದ ಹಳಕಟ್ಟಿಯವರೂ ಒಬ್ಬರೇ ಎಂಬುದನ್ನು ಅರಿತಲ್ಲದೆ ಅವರ ಜೀವನದ ಮರ್ಮವು ತಿಳಿಯದು.

ಅವರು ಹುಟ್ಟಿದುದು ಧಾರವಾಡದಲ್ಲಿ, 1880ನೆಯ ಇಸವಿಯ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು, ತಾಯಿ ದಾನಮ್ಮನವರು. ಆ ಕಾಲವು ಉತ್ತರ ಕರ್ನಾಟಕದ ಪಾಲಿಗೆ ಘೋರವಾದ ಕಾಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಆವರಿಸಿದ ಕ್ಷಾಮವು ಮುಗಿದು ಆಗ ಎರಡು ವರ್ಷಗಳಷ್ಟೇ ಸಂದಿದ್ದುವು. ಮುಂದೆ ಹಳಕಟ್ಟಿಯವರ ಕರ್ಮಭೂಮಿಯಾಗಲಿದ್ದ ವಿಜಾಪುರ ಸೀಮೆಯು ಆಗ ಕಲಾದಗಿ ಜಿಲ್ಲೆಯೆಂಬ ಹೆಸರಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. ಆ ಕ್ಷಾಮದ ಪೆಟ್ಟು ಅತ್ಯಂತ ಬಲವಾಗಿ ಬಿದ್ದ ಜಿಲ್ಲೆಗಳಲ್ಲಿ ಅದೂ ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಅಲ್ಲಿಯ ಜನಸಂಖ್ಯೆಯು ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿದುಹೋಯಿತು. ಸತ್ತವರು ಸತ್ತರು, ಉಳಿದವರಲ್ಲಿ ಅನೇಕರು ಊರು ಬಿಟ್ಟು ದೇಶಾಂತರ ಹೋದರು.

ವಿಜಾಪುರದ ನೆಲವು ಬಂಜೆಯಲ್ಲ. ಅದು ಒಳ್ಳೆಯ ಎರೆಭೂಮಿ. ಸಕಾಲಕ್ಕೆ ಮಳೆಯಾದರೆ ಡೋಣಿ ನದಿಯ ದಂಡೆಯ ಹೊಲಗಳಲ್ಲಿ ಹಿಂಗಾರಿ ಜೋಳವು ಆಳೆತ್ತರ ಬೆಳೆದು ನಿಲ್ಲುತ್ತದೆ. ಆದರೆ ಆ ಮಳೆಯನ್ನು ನಂಬುವಂತಿಲ್ಲ. ಒಂದು ವರ್ಷ ತಪ್ಪಿದರೆ ಒಕ್ಕಲಿಗನು ಬಿತ್ತುವ ಬೀಜವನ್ನೇ ಉಣ್ಣಬೇಕು. ಎರಡು ವರ್ಷ ತಪ್ಪಿದರೆ ಎತ್ತುಗಳನ್ನು ಮಾರಬೇಕು. ಮೂರನೆಯ ವರ್ಷಕ್ಕೆ ಹೊಲದ ಕಾಗದವು ಸಾಹುಕಾರನ ಪೆಟ್ಟಿಗೆಯನ್ನು ಸೇರುವುದು. ಕೃಷ್ಣೆಯೂ ಭೀಮೆಯೂ ಜಿಲ್ಲೆಯಲ್ಲಿ ಹರಿಯುತ್ತಿದ್ದರೂ ಅವುಗಳ ನೀರು ಅಂದು ಹೊಲಗಳನ್ನು ಮುಟ್ಟುತ್ತಿರಲಿಲ್ಲ. ನದಿಯನ್ನು ಕಣ್ಣಿನಿಂದ ಕಾಣುತ್ತ ಬಾಯಾರಿ ಬದುಕುವುದು ಆ ಸೀಮೆಯ ಜನರಿಗೆ ರೂಢಿಯಾಗಿದ್ದಿತು.

ಬಾಲಕ ಫಕೀರಪ್ಪನವರ ವಿದ್ಯಾಭ್ಯಾಸವು ಧಾರವಾಡದಲ್ಲಿ ನಡೆಯಿತು. 1896ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ. ಎ. ಪದವಿಯನ್ನೂ 1904ರಲ್ಲಿ ಎಲ್‌ಎಲ್. ಬಿ. ಪದವಿಯನ್ನೂ ಪಡೆದರು. ಮುಂದೆ ಕರ್ನಾಟಕ ಏಕೀಕರಣದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರ ಸ್ನೇಹವು ಮುಂಬಯಿಯ ದಿನಗಳಲ್ಲಿಯೇ ಅವರಿಗೆ ದೊರೆಯಿತು. ಆ ಮಹಾನಗರದಲ್ಲಿ ಅವರು ಕಂಡುದು ಕಾಯಿದೆಯ ಪುಸ್ತಕಗಳನ್ನು ಮಾತ್ರವಲ್ಲ. ಮರಾಠಿಗರೂ ಗುಜರಾಥಿಗಳೂ ತಮ್ಮ ಭಾಷೆಗಾಗಿ ಗ್ರಂಥಗಳನ್ನು ಪ್ರಕಟಿಸುತ್ತಿದ್ದರು, ತಮ್ಮ ಮಕ್ಕಳಿಗಾಗಿ ಶಾಲೆಗಳನ್ನು ತೆರೆಯುತ್ತಿದ್ದರು, ವ್ಯಾಪಾರಕ್ಕಾಗಿ ಮಂಡಲಿಗಳನ್ನು ಕಟ್ಟಿಕೊಳ್ಳುತ್ತಿದ್ದರು. ಭಾಷಾಭಿಮಾನ, ವಿದ್ಯೆ ಮತ್ತು ಉದ್ಯಮ ಎಂಬ ಮೂರೂ ಅಲ್ಲಿ ಒಂದರ ಕೈಯನ್ನೊಂದು ಹಿಡಿದು ನಡೆಯುತ್ತಿದ್ದುವು. ಕನ್ನಡ ಜಿಲ್ಲೆಗಳಲ್ಲಿ ಮಾತ್ರ ಮೂರೂ ಮಲಗಿದ್ದುವು. ಈ ತುಲನೆಯು ತರುಣ ಹಳಕಟ್ಟಿಯವರ ಮನಸ್ಸಿನಲ್ಲಿ ಅಳಿಯದಂತೆ ನಾಟಿತು.

ವಿದ್ಯಾರ್ಥಿದೆಸೆಯು ಮುಗಿಯುತ್ತಿದ್ದ ಆ ದಿನಗಳಲ್ಲಿಯೇ ಅವರ ಬಾಳನ್ನು ತಿರುಗಿಸಿದ ಪ್ರಸಂಗವೊಂದು ಒದಗಿತು. ರಬಕವಿ-ಬನಹಟ್ಟಿಯ ಕಡೆಗೆ ಹೋದಾಗ ಅಲ್ಲಿಯ ಭಕ್ತರೊಬ್ಬರ ಮನೆಯಲ್ಲಿ ತಾಳೆಗರಿಯ ಕಟ್ಟುಗಳನ್ನು ಅವರು ಕಂಡರು. ಅವು ಶರಣರ ವಚನಗಳ ಹಸ್ತಪ್ರತಿಗಳು. ಅಂತಹ ಕಟ್ಟುಗಳು ಆಗ ಅನೇಕ ಮಠಗಳಲ್ಲಿಯೂ ಮನೆಗಳಲ್ಲಿಯೂ ಇದ್ದುವು. ಜನರು ಅವುಗಳಿಗೆ ವಿಭೂತಿಯನ್ನು ಧರಿಸಿ, ಹೂವನ್ನೇರಿಸಿ, ಭಕ್ತಿಯಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿಯೇ ಬಸವಣ್ಣನವರ ಮಾತು ಕಟ್ಟಿನೊಳಗೆ ಮೌನವಾಗಿ ಕುಳಿತಿದ್ದಿತು. ಹಳಕಟ್ಟಿಯವರು ಆ ಗರಿಗಳನ್ನು ಬಿಚ್ಚಿ ಓದಿದರು. ಎಂಟು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಕುಂಬಾರ, ಅಂಬಿಗ, ಮಡಿವಾಳ, ಗಾಣಿಗ, ನೇಕಾರ ಮೊದಲಾದವರು ತಮ್ಮ ತಮ್ಮ ಕಾಯಕವನ್ನೇ ಪೂಜೆಯಾಗಿಸಿಕೊಂಡು ತಲೆಯೆತ್ತಿ ಬಾಳಿದ ಕಥೆಯು ಆ ಗರಿಗಳಲ್ಲಿ ಅಡಗಿದ್ದಿತು.

1904ರಲ್ಲಿ ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದ ಅವರು ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ಪತ್ನಿ ಭಾಗೀರಥೀಬಾಯಿಯವರು ವಿಜಾಪುರದ ಚಿಕ್ಕೋಡಿ ಮನೆತನದವರು. ವಕೀಲಿಯು ಚೆನ್ನಾಗಿಯೇ ನಡೆಯಿತು. ಮುಂದೆ ಸರಕಾರಿ ವಕೀಲರ ಸ್ಥಾನವೂ ದೊರೆಯಿತು. ಸುಖವಾಗಿ ಬದುಕಲು, ಆಸ್ತಿಯನ್ನು ಗಳಿಸಲು ಬೇಕಾದುದೆಲ್ಲವೂ ಇದ್ದಿತು. ಆದರೆ ನ್ಯಾಯಾಲಯವೆಂಬುದು ಬಡವರ ಬಾಳನ್ನು ಒಳಗಿನಿಂದ ತೋರಿಸುವ ಕನ್ನಡಿ. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟನ್ನೊತ್ತಿದವರು, ಬಡ್ಡಿಗೆ ಬಡ್ಡಿ ಬೆಳೆದು ಅಸಲು ಯಾವುದೆಂದೇ ತಿಳಿಯದವರು, ಜಪ್ತಿಗೆ ಬಂದ ಎತ್ತಿನ ಹಗ್ಗವನ್ನು ಬಿಡಲಾರದೆ ನಿಂತವರು ವಕೀಲರಾದವರ ಕಣ್ಣಮುಂದೆ ದಿನವೂ ಸುಳಿಯುವರು. ಒಬ್ಬನ ದಾವೆಯನ್ನು ಗೆದ್ದುಕೊಟ್ಟರೆ ಆ ಒಬ್ಬನು ಉಳಿದಾನು, ಹಳ್ಳಿಯು ಉಳಿಯದು. ಹಳ್ಳಿಯು ಉಳಿಯಬೇಕಾದರೆ ಅಕ್ಷರವೂ ಬೇಕು, ನ್ಯಾಯವಾದ ಸಾಲವೂ ಬೇಕು, ನೀರೂ ಬೇಕು, ಇವೆಲ್ಲಕ್ಕೂ ಬೇರಾದ ಅರಿವೂ ಬೇಕು. ಹಳಕಟ್ಟಿಯವರು ಒಂದನ್ನು ಮುಗಿಸಿ ಮತ್ತೊಂದಕ್ಕೆ ಹೋಗಲಿಲ್ಲ. ಈ ನಾಲ್ಕನ್ನೂ ಒಟ್ಟಿಗೆ ಕೈಗೊಂಡರು.

ಮೊದಲು ಅಕ್ಷರ. 1910ರಲ್ಲಿ ವಿಜಾಪುರದ ಹಿರಿಯರನ್ನು ಕೂಡಿಸಿಕೊಂಡು ಅವರು ವಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಸ್ಥೆಯನ್ನು ಹುಟ್ಟುಹಾಕಿದರು. ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದುದು 1916ರಲ್ಲಿ. ವಿಜಾಪುರದ ಸಂಸ್ಥೆಯು ಅದಕ್ಕಿಂತ ಆರು ವರ್ಷ ಹಿರಿಯದು. ಅಂದು ಒಕ್ಕಲಿಗರ ಮನೆಯ ಹುಡುಗನು ನಾಲ್ಕಕ್ಷರ ಕಲಿಯುವುದೇ ದೊಡ್ಡದು. ಇಂಗ್ಲಿಷ್ ಶಾಲೆಯ ಮೆಟ್ಟಿಲನ್ನೇರುವುದು ಕನಸಿನ ಮಾತು. ಮಗನು ಶಾಲೆಗೆ ಹೋದರೆ ದನ ಕಾಯುವವರಾರು ಎಂಬ ತಂದೆಯ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳಲು ಬಾರದು. ಆದುದರಿಂದಲೇ ಶಾಲೆಯೊಂದನ್ನು ಕಟ್ಟಿ ಸುಮ್ಮನೆ ಕೂಡದೆ ಹಳಕಟ್ಟಿಯವರು ಆ ತಂದೆಯ ಮನೆಯ ಕಷ್ಟದ ಕಡೆಗೂ ತಿರುಗಿದರು.

ಎರಡನೆಯದು ಸಾಲದ ಬಾಧೆ. ಹಿಂದುಸ್ಥಾನದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದುದು 1904ರಲ್ಲಿ. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಸಂಘವನ್ನು ತೆರೆದು ದೇಶಕ್ಕೇ ದಾರಿಯನ್ನು ತೋರಿದ್ದರು. ಹಳಕಟ್ಟಿಯವರು 1912ರಲ್ಲಿ ವಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಕಾರಿ ಬ್ಯಾಂಕಿನ ಮರ್ಮವು ಸರಳವಾದುದು. ಹತ್ತು ಜನರು ತಮ್ಮ ಚಿಕ್ಕ ಚಿಕ್ಕ ಪಾಲುಗಳನ್ನು ಒಂದೆಡೆ ಕೂಡಿಸುವರು; ಕೈಯಲ್ಲಿ ತುಸು ಹಣವುಳ್ಳವರು ಠೇವಣಿಯಿಡುವರು; ಬೇಕಾದವನಿಗೆ ಮಿತವಾದ ಬಡ್ಡಿಯಲ್ಲಿ ಸಾಲವು ದೊರೆಯುವುದು; ಆ ಸಾಲಕ್ಕೆ ನೆರೆಯವನೇ ಜಾಮೀನಾಗಿ ನಿಲ್ಲುವನು. ಕೊಟ್ಟವನೂ ಸದಸ್ಯನೇ, ಕೊಂಡವನೂ ಸದಸ್ಯನೇ. ಇಲ್ಲಿ ಕೈಯೊಡ್ಡುವವನೆಂಬ ಹೀನಭಾವವಿಲ್ಲ, ಕೊಡುವವನೆಂಬ ಗರ್ವಕ್ಕೆ ಎಡೆಯಿಲ್ಲ. ನೀಡುವವನೂ ಪಡೆಯುವವನೂ ಒಂದೇ ಪಂಕ್ತಿಯಲ್ಲಿ ಕೂಡುವ ದಾಸೋಹದ ತತ್ತ್ವವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದರೆ ಅದು ಹೀಗೆಯೇ ಕಾಣುವುದು.

ಬ್ಯಾಂಕಿಗೆ ಸಿದ್ಧೇಶ್ವರನ ಹೆಸರು ದೊರೆತುದೂ ಅರ್ಥವತ್ತಾಗಿದೆ. ವಿಜಾಪುರದ ಸಿದ್ಧೇಶ್ವರ ಜಾತ್ರೆಯು ಮಕರಸಂಕ್ರಮಣದ ಕಾಲಕ್ಕೆ ಕೂಡುವುದು. ದನಗಳ ಸಂತೆಗೆ ಸುತ್ತಿನ ಒಕ್ಕಲುಮಕ್ಕಳೆಲ್ಲ ಬಂದು ಸೇರುವರು. ಆ ಪೂಜೆಯ ಮೂಲಪುರುಷನಾದ ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ತೋಡಿಸಿದ ಶಿವಯೋಗಿ. ನೀರಿಲ್ಲದ ನೆಲಕ್ಕೆ ನೀರನ್ನು ತಂದವನು, ಸಾವಿರಾರು ಕೈಗಳನ್ನು ಒಂದು ಕೆಲಸಕ್ಕೆ ಹಚ್ಚಿದವನು. ಅಲ್ಲಮಪ್ರಭುವು ಅವನಿದ್ದೆಡೆಗೆ ಬಂದು, ಹೊರಗಿನ ಕೆರೆಯನ್ನು ತೋಡುವ ಕೈಗೆ ಒಳಗಿನ ಅರಿವಿನ ಕಣ್ಣನ್ನೂ ಕೊಟ್ಟನೆಂಬುದು ಶರಣರ ಚರಿತೆಯಲ್ಲಿ ಪ್ರಸಿದ್ಧವಾಗಿದೆ. ಕೆರೆಯೊಂದೇ ಸಾಲದು, ಅರಿವೊಂದೇ ಸಾಲದು. ಎರಡೂ ಕೂಡಿದಾಗ ಶಿವಯೋಗ. ಹಳಕಟ್ಟಿಯವರ ಬಾಳಿನ ಸೂತ್ರವೂ ಇದೇ ಆಗಿದ್ದಿತು.

ಮೂರನೆಯದು ಬರ ಮತ್ತು ನೀರು. ಹಳಕಟ್ಟಿಯವರು ವಿಜಾಪುರದ ನಗರಸಭೆಯ ಹೊಣೆಯನ್ನು ಹೊತ್ತು ಊರಿನ ಕುಡಿಯುವ ನೀರಿಗಾಗಿ ದುಡಿದರು. ಭೂತನಾಳದ ಕೆರೆಯ ಮಾತು ಬಂದಾಗಲೆಲ್ಲ ಆ ಊರಿನ ಜನರು ಅವರ ಶ್ರಮವನ್ನು ನೆನೆಯುವರು. ಆದಿಲಶಾಹಿಗಳ ಕಾಲದ ಬಾವಡಿಗಳೂ ನೀರಿನ ಸುರಂಗಗಳೂ ಹಾಳುಬಿದ್ದಿದ್ದ ಆ ನಗರದಲ್ಲಿ ಬೇಸಗೆ ಬಂದಿತೆಂದರೆ ಕೊಡ ನೀರಿಗೆ ತಾಯಂದಿರು ಪಡುತ್ತಿದ್ದ ಪಾಡು ಹೇಳತೀರದು. ಜಿಲ್ಲೆಯ ಬರವನ್ನು ಎದುರಿಸಲು ಬರನಿವಾರಣ ಸಂಸ್ಥೆಯೊಂದಕ್ಕೂ ಅವರು ದುಡಿದರು. ಗ್ರಾಮಗಳ ಅಭಿವೃದ್ಧಿಗಾಗಿ ಸಂಘ, ಒಕ್ಕಲುತನದ ಸಹಕಾರಿ ಸಂಘ, ಹತ್ತಿ ಮಾರಾಟದ ಸಂಘ, ನೇಕಾರರ ಸಂಘ ಇವೆಲ್ಲವುಗಳ ಹಿಂದೆ ಅವರ ಕೈಯಿದ್ದಿತು. ಹತ್ತಿಯನ್ನು ಬೆಳೆದವನು ದಲಾಲನ ಮುಂದೆ ಒಬ್ಬಂಟಿಗನಾಗಿ ನಿಂತರೆ ಹೇಳಿದ ಬೆಲೆಗೆ ಕೊಟ್ಟು ಬರಬೇಕು. ನೂರು ಜನ ಕೂಡಿ ನಿಂತರೆ ಬೆಲೆಯ ಮಾತನ್ನು ತಾವೂ ಆಡಬಹುದು. ಮುಂಬಯಿಯ ವಿಧಾನ ಪರಿಷತ್ತಿನ ಸದಸ್ಯತ್ವವೂ ಅವರಿಗೆ ದೊರೆಯಿತು. ಅಲ್ಲಿಯೂ ಅವರು ಕನ್ನಡ ಜಿಲ್ಲೆಗಳ ಕಷ್ಟವನ್ನು ಮರೆಯಲಿಲ್ಲ.

ಇಷ್ಟೆಲ್ಲ ಹೊಣೆಗಳ ನಡುವೆ ತಾಳೆಗರಿಗಳ ಕೆಲಸವು ಒಂದು ದಿನವೂ ನಿಲ್ಲಲಿಲ್ಲ. ಹೊಟ್ಟೆಗೆ ಅನ್ನವಿಲ್ಲದ ನಾಡಿನಲ್ಲಿ ಹಳೆಯ ಗರಿಗಳನ್ನು ಹುಡುಕುವುದರಿಂದ ಬಡವನಿಗೇನು ಫಲವೆಂಬ ಸಂದೇಹವು ಯಾರಿಗಾದರೂ ಬರುವಂತಹುದು. ಅದು ಅಲ್ಲಗಳೆಯತಕ್ಕ ಪ್ರಶ್ನೆಯೂ ಅಲ್ಲ. ಒಬ್ಬ ಮನುಷ್ಯನ ಆಯುಷ್ಯಕ್ಕೂ ಹಣಕ್ಕೂ ಮಿತಿಯುಂಟು. ಒಂದು ಗ್ರಂಥದ ಅಚ್ಚಿಗೆ ತಗಲುವ ವೆಚ್ಚದಲ್ಲಿ ಎಷ್ಟೋ ಮನೆಗಳ ಒಲೆಯುರಿಯಬಹುದು. ಹಳಕಟ್ಟಿಯವರು ಇದಕ್ಕೆ ವಾದದಿಂದ ಉತ್ತರವನ್ನು ಕೊಡಲಿಲ್ಲ. ತಮ್ಮ ಜೀವಮಾನದ ದುಡಿಮೆಯಿಂದ ಕೊಟ್ಟರು.

ಆ ಗರಿಗಳಲ್ಲಿದ್ದುದು ಪಂಡಿತರ ಮನೋರಂಜನೆಯ ವಸ್ತುವಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಗಿಲಾದುದು ನಮಗೆ ಸಲ್ಲದೆಂದು ಹಿಂದಕ್ಕೆ ಕಳುಹಿದ ಲಕ್ಕಮ್ಮನ ಕಥೆ ಅಲ್ಲಿದೆ. ಹುಲ್ಲನ್ನು ಕೊಯ್ದು ಹಗ್ಗವನ್ನು ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನು, ಇಷ್ಟಲಿಂಗವೇ ಜಾರಿ ಬಿದ್ದಾಗಲೂ ಕಾಯಕವನ್ನು ಬಿಡದೆ ನಡೆದ ಕಥೆ ಅಲ್ಲಿದೆ. ಗುರುವಾದರೂ ಜಂಗಮನಾದರೂ ಕಾಯಕವಿಲ್ಲದೆ ಉಣ್ಣಲಾಗದೆಂಬ ಕಟ್ಟಳೆಯು ಅಲ್ಲಿದೆ. ಬಡವನಿಗೆ ಹಣವನ್ನು ಕೊಡಬಹುದು. ತನ್ನ ದುಡಿಮೆಯು ಕೀಳಲ್ಲ, ಅದು ಶಿವನಿಗೆ ಸಲ್ಲುವ ಪೂಜೆಯೆಂಬ ಗೌರವವನ್ನು ಯಾರೂ ಹಣದಿಂದ ಕೊಡಲಾರರು. ಆ ಗೌರವವು ಆತನ ಹಿರಿಯರ ಮಾತಿನಲ್ಲಿಯೇ ಇದ್ದಿತು, ಆತನಿಗೆ ಮಾತ್ರ ತಿಳಿದಿರಲಿಲ್ಲ. ಸಂಘವು ನಿಲ್ಲುವುದು ಸದಸ್ಯನ ಪ್ರಾಮಾಣಿಕತೆಯ ಮೇಲೆ. ಶಾಲೆಯು ನಿಲ್ಲುವುದು ತಂದೆತಾಯಿಗಳ ತ್ಯಾಗದ ಮೇಲೆ. ಆ ಪ್ರಾಮಾಣಿಕತೆ, ಆ ತ್ಯಾಗಗಳಿಗೆ ನೀರೆರೆಯುವ ಬಾವಿಯು ವಚನವೆಂದು ಹಳಕಟ್ಟಿಯವರು ನಂಬಿದ್ದರು.

ಅವರು ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಅಲೆದು ಗರಿಗಳನ್ನು ಕೂಡಿಹಾಕಿದರು. ಕೆಲವರು ಪ್ರೀತಿಯಿಂದ ಕೊಟ್ಟರು; ಕೆಲವರು ಪೂಜೆಯ ವಸ್ತುವನ್ನು ಹೊರಗೆ ಕೊಡಲು ಅಂಜಿದರು. ಒಂದೇ ವಚನವು ನಾಲ್ಕು ಪ್ರತಿಗಳಲ್ಲಿ ನಾಲ್ಕು ಬಗೆಯಾಗಿರುವುದು. ಅವನ್ನೆಲ್ಲ ಒಂದರ ಪಕ್ಕದಲ್ಲಿ ಒಂದನ್ನಿರಿಸಿ, ಓದಿ, ತಿದ್ದಿ, ಅಂಕಿತಗಳನ್ನು ಗುರುತಿಸಿ, ಯಾವ ಮಾತು ಯಾವ ಶರಣರದೆಂದು ನಿರ್ಣಯಿಸಬೇಕು. ವಕೀಲರ ಸಾಕ್ಷಿಪರೀಕ್ಷೆಯ ಶಿಸ್ತು ಇಲ್ಲಿ ಅವರಿಗೆ ಒದಗಿಬಂದಿತು. ಅವರು ಕೈಹಚ್ಚುವ ಮೊದಲು ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದುವು; ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರೈವತ್ತನ್ನು ಮುಟ್ಟಿತು. ಚರಿತ್ರೆಯು ಮರೆತಿದ್ದ ದುಡಿಮೆಗಾರರೂ ದುಡಿಮೆಗಾರ್ತಿಯರೂ ತಮ್ಮ ತಮ್ಮ ಹೆಸರಿನಿಂದ ಎದ್ದು ನಿಂತರು.

ಸಿದ್ಧವಾದ ಗ್ರಂಥಕ್ಕೆ ಅಚ್ಚಿನ ಭಾಗ್ಯವು ಸುಲಭವಾಗಿ ದೊರೆಯಲಿಲ್ಲ. ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಮರಳಿಬಂದಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಕನ್ನು ಕಂಡಿತು. ಶರಣರ ವಚನಗಳನ್ನು ವಿಷಯಕ್ರಮದಿಂದ ಜೋಡಿಸಿ, ಸಾಮಾನ್ಯ ಓದುಗನಿಗೂ ಎಟಕುವಂತೆ ಮಾಡಿದ ಗ್ರಂಥವದು. ನಾಡಿನ ವಿದ್ವಾಂಸರು ಬೆರಗಾದರು. ಆದರೆ ಪ್ರತಿಯೊಂದು ಗ್ರಂಥಕ್ಕೂ ಪರರ ಮುದ್ರಣಾಲಯದ ಬಾಗಿಲನ್ನು ಕಾಯುವುದಾದರೆ ಗರಿಗಳ ರಾಶಿಯು ತಮ್ಮ ಆಯುಷ್ಯದಲ್ಲಿ ಅಚ್ಚಾಗದೆಂಬುದು ಹಳಕಟ್ಟಿಯವರಿಗೆ ಸ್ಪಷ್ಟವಾಯಿತು.

ಆಗ ಅವರು ಕೈಗೊಂಡ ನಿರ್ಧಾರವು ಗೃಹಸ್ಥರಾದವರು ಕೇಳಿ ಬೆಚ್ಚುವಂತಹುದು. ತಮ್ಮ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯು ಹೊರಟಿತು; 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯು ಹೊರಟಿತು. ಈ ಎರಡು ಪತ್ರಿಕೆಗಳನ್ನು ಒಟ್ಟಿಗೆ ನೋಡಿದರೆ ಅವರ ಮನಸ್ಸಿನ ಆಕೃತಿಯೇ ಕಾಣುವುದು. ಒಂದು ಶರಣರ ಅನುಭಾವವನ್ನೂ ಸಂಶೋಧನೆಯನ್ನೂ ಹೊತ್ತರೆ, ಮತ್ತೊಂದು ನಾಡಿನ ದಿನದಿನದ ಸುದ್ದಿಯನ್ನೂ ಜನರ ಕಷ್ಟಸುಖವನ್ನೂ ಹೊತ್ತಿತು. ಒಂದೇ ಯಂತ್ರದಲ್ಲಿ ಎರಡೂ ಅಚ್ಚಾಗುತ್ತಿದ್ದುವು. ಹರಿಹರನ ರಗಳೆಗಳು ಹೊರಬಂದುವು; 1930ರಲ್ಲಿ ಗೂಳೂರು ಸಿದ್ಧವೀರಣಾಚಾರ್ಯರ ಶೂನ್ಯಸಂಪಾದನೆಯು ಹೊರಬಂದಿತು; ಒಂದರ ಹಿಂದೆ ಒಂದರಂತೆ ಶರಣಸಾಹಿತ್ಯದ ಗ್ರಂಥಗಳು ನಾಡಿನ ಮನೆಗಳನ್ನು ಸೇರಿದುವು.

ಈ ಪುಣ್ಯಕಾರ್ಯದ ಬೆಲೆಯನ್ನು ಅವರ ಮನೆಯು ತೆರಬೇಕಾಯಿತು. ಗ್ರಂಥಗಳು ಲಾಭವನ್ನು ತರುವಂತಹವಲ್ಲ. ಪತ್ರಿಕೆಯ ಚಂದಾ ಹಣವು ಕಾಗದದ ವೆಚ್ಚಕ್ಕೂ ಸಾಲುತ್ತಿರಲಿಲ್ಲ. ವಕೀಲಿಯು ಹಿಂದೆ ಸರಿಯಿತು, ವರಮಾನವು ಕುಗ್ಗಿತು, ಬಾಡಿಗೆಯ ಮನೆಯ ವಾಸವು ಬಂದಿತು, ಸಾಲವೂ ಬಂದಿತು. ಒಕ್ಕಲಿಗನನ್ನು ಸಾಲದ ಸುಳಿಯಿಂದ ಪಾರುಮಾಡಲೆಂದು ಬ್ಯಾಂಕನ್ನು ಕಟ್ಟಿದ ಮಹನೀಯರೇ ವಚನಗಳಿಗಾಗಿ ಸಾಲಗಾರರಾದರು. ಹಳೆಯ ಕೋಟನ್ನು ತೊಟ್ಟು, ಹಳೆಯದೊಂದು ಸೈಕಲ್ಲನ್ನು ಹಿಡಿದು ಮುದ್ರಣಾಲಯಕ್ಕೆ ಹೋಗಿಬರುತ್ತಿದ್ದ ವೃದ್ಧರನ್ನು ವಿಜಾಪುರದ ಜನರು ವರ್ಷಗಟ್ಟಲೆ ಕಂಡರು. ತಾವು ಕಟ್ಟಿದ ಸಂಸ್ಥೆಗಳನ್ನು ತಮ್ಮ ಕಷ್ಟಕ್ಕೆ ಊರುಗೋಲಾಗಿ ಹಿಡಿಯದೆ ನಡೆದುದು ಅವರ ಬಾಳಿನ ಹಿರಿಮೆ.

ಇಂತಹ ಜೀವನವನ್ನು ನೆನೆಯುವಾಗ ಭಾಗೀರಥೀಬಾಯಿಯವರನ್ನು ಮರೆಯುವುದು ಅನ್ಯಾಯವಾಗುವುದು. ಅನುಕೂಲವಂತರ ಮನೆಯಲ್ಲಿ ಹುಟ್ಟಿ, ವಕೀಲರ ಮನೆಯನ್ನು ತುಂಬಿದ ಆ ತಾಯಿಯು ಮನೆಯು ಮಾರಿಹೋದುದನ್ನೂ ಕಂಡರು, ಕೊರತೆಯಲ್ಲಿ ಸಂಸಾರವನ್ನೂ ನಡೆಸಿದರು. ಗ್ರಂಥಗಳ ಮುಖಪುಟದಲ್ಲಿ ಅವರ ಹೆಸರಿಲ್ಲ. ಲಕ್ಕಮ್ಮನಿಲ್ಲದೆ ಮಾರಯ್ಯನ ಕಾಯಕವು ಹೇಗೆ ಪೂರ್ಣವಾಗದೋ, ಹಾಗೆಯೇ ಅವರ ಸಹನೆಯಿಲ್ಲದೆ ಈ ದಾಸೋಹವು ಪೂರ್ಣವಾಗುತ್ತಿರಲಿಲ್ಲ.

ನಾಡು ಅವರನ್ನು ಮನ್ನಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಸರಕಾರದಿಂದ ರಾವ್ ಬಹಾದ್ದೂರ್ ಬಿರುದು ಬಂದಿತು. 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ. ಲಿಟ್. ಪದವಿಯನ್ನು ಅರ್ಪಿಸಿತು. ಅವರು ತರುಣದೆಸೆಯಿಂದ ಹಂಬಲಿಸಿದ್ದ ಕರ್ನಾಟಕದ ಏಕೀಕರಣವು ಕೈಗೂಡಿದುದೂ ಅದೇ ವರ್ಷದಲ್ಲಿ. ವಿಜಾಪುರದ ಗೋಳಗುಮ್ಮಟಕ್ಕೆ ಸರಿಸಾಟಿಯಾಗಿ ಜನರು ಅವರನ್ನು ವಚನ ಗುಮ್ಮಟವೆಂದು ಕರೆದರು. ಆ ಬಿರುದುಗಳಲ್ಲಿ ಯಾವುದೂ ಅವರ ದಿನಚರಿಯನ್ನು ಬದಲಿಸಲಿಲ್ಲ. ಕರಡಚ್ಚನ್ನು ತಿದ್ದುವ ಕೆಲಸವು ಎಂದಿನಂತೆಯೇ ಮುಂದುವರಿಯಿತು.

1964ನೆಯ ಇಸವಿಯ ಮೇ ತಿಂಗಳಿನಲ್ಲಿ, ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿನ ಶಂಕುಸ್ಥಾಪನೆಯನ್ನು ಮಾಡಿದರು. ನದಿಯನ್ನು ಕಾಣುತ್ತ ಬಾಯಾರಿದ್ದ ನೆಲಕ್ಕೆ ನೀರಿನ ಮೊದಲ ಭರವಸೆಯು ದೊರೆತುದು ಆಗ. ಒಂದು ತಿಂಗಳ ಮೇಲೆ ಕೆಲವು ದಿನಗಳು ಕಳೆಯುವಷ್ಟರಲ್ಲಿ, 1964ರ ಜೂನ್ 29ರಂದು, ಹಳಕಟ್ಟಿಯವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷಗಳು ತುಂಬಲು ಮೂರೇ ದಿನಗಳು ಉಳಿದಿದ್ದುವು. ಆ ನೀರು ಹೊಲಗಳಿಗೆ ಹರಿದುಬರಲು ಮುಂದೆ ಹಲವು ದಶಕಗಳೇ ಬೇಕಾದುವು. ಬಿತ್ತಿದವರು ಫಲವನ್ನು ಕಾಣಲೇಬೇಕೆಂಬ ನಿಯಮವು ಶಿವನ ಹೊಲದಲ್ಲಿಲ್ಲ.

ಆದರೆ ಬಿತ್ತಿದ ಬೀಜವು ಹುಸಿಯಾಗಲಿಲ್ಲ. 1910ರ ವಿದ್ಯಾವರ್ಧಕ ಸಂಸ್ಥೆಯು ಬಂಥನಾಳದ ಸಂಗನಬಸವ ಶಿವಯೋಗಿಗಳಂತಹ ಮಹಾತ್ಮರ ಪೋಷಣೆಯಿಂದ ಬೆಳೆದು, ಶಾಲೆ ಕಾಲೇಜುಗಳಿಂದ ಮೊದಲ್ಗೊಂಡು ವೈದ್ಯಕೀಯ ವಿಶ್ವವಿದ್ಯಾಲಯದವರೆಗೆ ಕೊಂಬೆಗಳನ್ನು ಚಾಚಿದೆ. ಅದರ ಇಂಜಿನಿಯರಿಂಗ್ ಕಾಲೇಜು ಹಳಕಟ್ಟಿಯವರ ಹೆಸರನ್ನೇ ಹೊತ್ತಿದೆ. ಅವರ ಹೆಸರಿನ ಸಂಶೋಧನ ಕೇಂದ್ರವು ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಲ್ಲಿ ಹೊರತಂದಿದೆ. 1912ರ ಸಿದ್ಧೇಶ್ವರ ಬ್ಯಾಂಕು ನೂರು ವರ್ಷಗಳನ್ನು ದಾಟಿದೆ. ಊರಿನ ಹೆಸರು 2014ರಲ್ಲಿ ವಿಜಯಪುರವೆಂದು ಬದಲಾಗಿದೆ. ಅವರ ಜನ್ಮದಿನವಾದ ಜುಲೈ 2ನ್ನು ಕನ್ನಡ ನಾಡು ವಚನ ಸಾಹಿತ್ಯದ ಸಂರಕ್ಷಣೆಯ ದಿನವೆಂದು ಆಚರಿಸುತ್ತಿದೆ.

ಹಳಕಟ್ಟಿಯವರು ಮಠಾಧಿಪತಿಗಳಲ್ಲ, ಸಿರಿವಂತರಲ್ಲ, ಸಂನ್ಯಾಸಿಗಳೂ ಅಲ್ಲ. ಹೆಂಡತಿ ಮಕ್ಕಳೊಡನೆ ಬಾಳಿದ ಸಾಮಾನ್ಯ ಗೃಹಸ್ಥರು. ಆದುದರಿಂದ ಅವರ ಬಾಳು ಗೃಹಸ್ಥರಿಗೆ ಹತ್ತಿರವಾದ ಮೇಲ್ಪಂಕ್ತಿ. ಮನೆಯನ್ನು ಮಾರುವ ಧೈರ್ಯವು ಎಲ್ಲರಿಗೂ ಬಾರದು, ಬರಬೇಕೆಂದೂ ಇಲ್ಲ. ಆದರೆ ಹಸಿದವನಿಗೆ ಅನ್ನವನ್ನಿಟ್ಟ ಭಕ್ತನು ಅವನ ಮಗನ ಓದನ್ನೂ ವಿಚಾರಿಸಬಹುದು. ಓದಿಸಿದವನು ಅವನ ಸಾಲದ ಹೊರೆಯನ್ನೂ ಕೇಳಿ ತಿಳಿಯಬಹುದು. ಸಾಲಕ್ಕೆ ಜಾಮೀನಾಗಿ ನಿಂತವನು ಸಂಜೆಗೆ ಅವನೊಡನೆ ಕುಳಿತು ಒಂದು ವಚನವನ್ನು ಓದಬಹುದು. ಅನ್ನ, ಅಕ್ಷರ, ಆಸರೆ, ಅರಿವು ಈ ನಾಲ್ಕೂ ಒಂದೇ ಕೈಯಿಂದ ಸಲ್ಲುವ ಮನೆಯು ಮಹಾಮನೆಯೆನಿಸುವುದು. ವಿಜಾಪುರದ ಬರದ ನೆಲದಲ್ಲಿ ಆ ಮಹಾಮನೆಯ ಬಾಗಿಲನ್ನು ಮತ್ತೆ ತೆರೆದುದೇ ಹಳಕಟ್ಟಿಯವರ ಜೀವನದ ಸಾರ.